ಹೂಂಗುಟ್ಟುವವಳು

ಆ ಊರಲ್ಲಿ ಯಾರೂ ಒಬ್ಬರೇ ಕೂತು ಕಥೆ ಓದುವ ಹಾಗಿರಲಿಲ್ಲ. ಓದುವವರು ಗಟ್ಟಿಯಾಗಿ ಓದಬೇಕು, ಎದುರಿಗೆ ಒಬ್ಬರು ಕೂತು ಹೂಂ ಅನ್ನಬೇಕು. ಒಂದು ಮಾತಿಗೆ ಒಂದು ಹೂಂ. ಹೂಂ ತಪ್ಪಿತೋ, ಓದುತ್ತಿದ್ದವರು ಕಥೆಯೊಳಕ್ಕೆ ಹೋಗಿಬಿಡುತ್ತಿದ್ದರು. ಹೋದವರು ತಿರುಗಿ ಬಂದದ್ದಿಲ್ಲ. ತೆರೆದ ಪುಸ್ತಕ ಉಳಿಯುತ್ತಿತ್ತು, ಕೂತಿದ್ದ ಚಾಪೆ ಉಳಿಯುತ್ತಿತ್ತು. ಚಾಪೆಯಲ್ಲಿ ಮೈಭಾರಕ್ಕೆ ಬಿದ್ದ ತಗ್ಗು ಮಾತ್ರ ನೋಡನೋಡುತ್ತ ಒಂದೊಂದೇ ಜೊಂಡು ಮೇಲಕ್ಕೆದ್ದು ಸಮವಾಗುತ್ತಿತ್ತು. ಅಂಥ ಚಾಪೆಯನ್ನು ಮನೆಯವರು ಸುತ್ತಿ, ಹಗ್ಗ ಬಿಗಿದು, ತೊಲೆಗೆ ನೇತುಹಾಕುತ್ತಿದ್ದರು. ಅದನ್ನು ಬಿಚ್ಚಬಾರದು, ಹೋದವರ ಹೆಸರು ಎತ್ತಬಾರದು. ಇದು ಆ ಊರಿನ ಕಟ್ಟು.

ಅಷ್ಟು ಕಷ್ಟ ಯಾಕೆ, ಪುಸ್ತಕಗಳನ್ನೇ ಸುಟ್ಟುಹಾಕಬಾರದಿತ್ತೇ ಅಂತ ಕೇಳುವ ಜಾಣರು ಇದ್ದೇ ಇರುತ್ತಾರೆ. ಸುಟ್ಟು ನೋಡಿದರು ಮಹಾರಾಯರೇ. ಬೇಡ ಅಂದದ್ದನ್ನು ಮಾಡದ ಮಕ್ಕಳನ್ನು ಯಾವ ತಾಯಿ ಹೆತ್ತಿದ್ದಾಳೆ? ಸೌದೆ ಒಟ್ಟಿದ ಮೂಲೆಯಲ್ಲಿ, ಹಿಟ್ಟಿನ ಗುಡಾಣದ ಮರೆಯಲ್ಲಿ, ತುಟಿ ಆಡಿಸದೆ ಕದ್ದು ಓದಿದರು. ತೊಲೆಗಳಲ್ಲಿ ಚಾಪೆ ಕಟ್ಟಲು ಜಾಗ ಸಾಲದೆ ಹೋಯಿತು. ಹಿರಿಯರು ಆಗ ತಣ್ಣಗಾಗಿ, ಓದುವುದಾದರೆ ಓದಲಿ, ಹೂಂಗುಟ್ಟುವವರು ಇರಲಿ ಅಂದರು. ಪುರಾಣಗಳದ್ದು ಏನೂ ತಂಟೆ ಇರಲಿಲ್ಲ. ಕೊನೆ ಗೊತ್ತಿರುವ ಕಥೆಯೊಳಕ್ಕೆ ಯಾರು ಹೋಗಿ ಬೀಳುತ್ತಾರೆ? ಹೊಸ ಕಥೆಯದ್ದೇ ಭಯ.

ಹೂಂ ಅನ್ನುವುದೇನು ಮಹಾ ವಿದ್ಯೆ ಅಂದುಕೊಂಡರೆ ಕೆಟ್ಟಿರಿ. ಅದು ಉಪ್ಪಿಲ್ಲದ ಹೂಂ ಆಗಿರಬೇಕು. ಅದರಲ್ಲಿ ಅಚ್ಚರಿ ಇರಬಾರದು, ಕನಿಕರ ಇರಬಾರದು. ‘ನಾನಿಲ್ಲಿದ್ದೇನೆ, ನೀನೂ ಇಲ್ಲೇ ಇದ್ದೀಯ’ ಅನ್ನುವಷ್ಟೇ ಅದರ ಕೆಲಸ. ಒಬ್ಬರು ಓದುವಾಗ ಇಬ್ಬರು ಹೂಂಗುಟ್ಟಬಾರದು, ಎರಡು ಕಡೆಯಿಂದ ಕರೆ ಬಂದರೆ ಓದುವವರು ಯಾವ ಕಡೆ ವಾಲಬೇಕೋ ತಿಳಿಯದೆ ತಬ್ಬಿಬ್ಬಾಗುತ್ತಾರೆ. ಎಲ್ಲಕ್ಕಿಂತ ಮುಖ್ಯ, ‘ಆಮೇಲೆ?’ ಅಂತ ಕೇಳಕೂಡದು. ಹೂಂ ಅನ್ನುವುದು ಸೆರಗು ಹಿಡಿದು ಕೂರುವುದು. ಆಮೇಲೆ ಅನ್ನುವುದು ಬೆನ್ನಿಗೆ ಕೈಯಿಟ್ಟು ನೂಕುವುದು. ಎಂತೆಂಥ ಗಟ್ಟಿಗರೂ ಈ ಒಂದರಲ್ಲಿ ಜಾರಿದ್ದರು. ಜಾರದೆ ಉಳಿದವಳು ಹೂಂಗುಟ್ಟುವ ಅಜ್ಜಿ ಒಬ್ಬಳೇ.

ಅಜ್ಜಿಗೆ ಅಕ್ಷರ ಬಾರದು. ಅವಳ ಮನೆಯ ತೊಲೆಯಲ್ಲೂ ಒಂದು ಚಾಪೆ ತೂಗುತ್ತಿತ್ತು. ಅದು ಅವಳ ಮಗಳದ್ದು. ಮಗಳು ಜಗಲಿಯಲ್ಲಿ ಕೂತು ಓದುತ್ತಿದ್ದಳು, ಅವ್ವ ಒಳಗೆ ರಾಗಿ ಬೀಸುತ್ತ ಹೂಂಗುಟ್ಟುತ್ತಿದ್ದಳು. ಅವ್ವ ಒಂದೇ ಒಂದು ಹೂಂ ಕೂಡ ತಪ್ಪಿಸಿರಲಿಲ್ಲ, ದೇವರಾಣೆ ತಪ್ಪಿಸಿರಲಿಲ್ಲ. ಯಾವುದೋ ಒಂದನ್ನು ಬೀಸುವ ಕಲ್ಲಿನ ಸದ್ದು ನುಂಗಿಕೊಂಡಿತು, ಅಷ್ಟೇ. ಹಿಟ್ಟು ತುಂಬಿಕೊಂಡು ಎದ್ದು ಬಂದಾಗ ಚಾಪೆಯ ಜೊಂಡು ಏಳುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಕಲ್ಲು ತಿರುಗಿದ್ದಿಲ್ಲ. ಅಂದಿನಿಂದ ಅಜ್ಜಿ ಊರವರ ಮಕ್ಕಳಿಗೆಲ್ಲ ಎದುರು ಕೂತಳು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ.

ಹೀಗಿರುವಾಗ ಒಂದು ಮನೆಯ ನಡುವಿನ ಮಗಳ ಕೈಗೆ ಪುಸ್ತಕವೊಂದು ಬಂತು. ಅವಳ ಅಕ್ಕ ರಂಗೋಲಿ ಹಾಕಿದರೆ ಬೀದಿಯವರು ಸುತ್ತು ಬಳಸಿ ನಡೆಯುತ್ತಿದ್ದರು. ತಂಗಿ ಹಾಡಿದರೆ ಒದೆಯುವ ಹಸುವೂ ಹಾಲು ಕೊಡುತ್ತಿತ್ತು. ಇವಳು ಮುಟ್ಟಿದ ಮಡಕೆ ಒಡೆಯುತ್ತಿತ್ತು, ಇವಳು ನೋಡಿಕೊಂಡ ಹಾಲು ಉಕ್ಕುತ್ತಿತ್ತು. ‘ಕೈಲಾಗದವಳು’ ಅಂತಲೇ ತಾಯಿ ಕರೆಯುತ್ತಿದ್ದಳು. ಬಯ್ಯುತ್ತಿದ್ದದ್ದು ಬಾಯಿ, ಮನಸ್ಸಲ್ಲ. ಆದರೆ ಕೇಳುವ ಕಿವಿಗೆ ಅದು ಹೇಗೆ ಗೊತ್ತಾಗಬೇಕು? ಹಳೇ ಸೀರೆಗೆ ಪಾತ್ರೆ ಕೊಡುವ ವ್ಯಾಪಾರಿ ಬಂದಾಗ ತಾಯಿ ಎರಡು ಸೀರೆ ಕೊಟ್ಟು ಮುಚ್ಚಳದ ಪಾತ್ರೆ ಕೇಳಿದಳು. ಪಾತ್ರೆ ಇತ್ತು, ಮುಚ್ಚಳ ಇರಲಿಲ್ಲ. ಮುಚ್ಚಳದ ಬದಲಿಗೆ ಅವನು ಒಂದು ಕಥೆ ಪುಸ್ತಕ ಇಟ್ಟು ಹೋದ.

ತಾಯಿ ಪುಸ್ತಕ ಹಿಡಿದು, ಮಗಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಬಂದಳು.

“ಇವಳಿಗೆ ಹುಚ್ಚು ಹಿಡಿದಿದೆ ಅಜ್ಜಿ, ಓದಲೇಬೇಕಂತೆ. ನೀವು ಕೂತುಕೊಂಡರೆ ನನಗೆ ಧೈರ್ಯ.”

“ಏನು ಕಥೆಯಂತೆ?”

“ಮಂತ್ರ ತಂತ್ರ ಏನೋ. ಓದಿಯಾದರೂ ಒಂದು ಕೆಲಸ ನೆಟ್ಟಗೆ ಮುಗಿಸಲಿ.”

“ಬಾ ಮಗಾ, ಕೂತುಕೋ,” ಅಂದಳು ಅಜ್ಜಿ. ಹುಡುಗಿ ಚಾಪೆ ಹಾಸಿಕೊಂಡಳು. ಮೊಣಕಾಲಿಗೆ ಮೊಣಕಾಲು ತಾಗಿತು.

ಅದು ಒಂದು ಕೋಟೆಯ ಕಥೆ. ಕೋಟೆಯೊಳಗೆ ಹುಟ್ಟಿದವರಿಗೆಲ್ಲ ಪ್ರಾಯಕ್ಕೆ ಬಂದಾಗ ಏನಾದರೊಂದು ಶಕ್ತಿ ಎಚ್ಚರಾಗುತ್ತಿತ್ತು. ಒಬ್ಬರು ಊದಿದರೆ ದೀಪ ಹತ್ತುತ್ತಿತ್ತು, ಒಬ್ಬರು ಕರೆದರೆ ಹಕ್ಕಿ ಇಳಿಯುತ್ತಿತ್ತು. ಒಬ್ಬಳಿಗೆ ಮಾತ್ರ ಏನೂ ಆದ ಹಾಗೆ ಕಾಣಲಿಲ್ಲ. ಅವಳನ್ನು ಎಲ್ಲರೂ ಬರಿಗೈಯವಳು ಅನ್ನುತ್ತಿದ್ದರು. ಬರಿಗೈಯವಳಿಗೂ ಶಕ್ತಿ ಇತ್ತು. ಅವಳು ಅಂಗೈ ಇಟ್ಟರೆ ಯಾವ ಬಾಗಿಲಾದರೂ ತೆರೆಯುತ್ತಿತ್ತು. ಅದನ್ನವಳು ಬಚ್ಚಿಟ್ಟಿದ್ದಳು, ಯಾಕೆಂದರೆ ಬಾಗಿಲು ತೆರೆಯುವ ಕೈಗಳನ್ನು ಆ ಕೋಟೆ ಸಹಿಸುತ್ತಿರಲಿಲ್ಲ. ಅಂಥವರನ್ನು ಹಿಡಿದು ಗೋಡೆಯ ಹಿಂದೆ ಕೂಡಿಹಾಕುತ್ತಿತ್ತು.

“ಬರಿಗೈಯವಳು ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು,” ಎಂದು ಹುಡುಗಿ ಓದಿದಳು.

“ಹೂಂ.”

“ನನ್ನಲ್ಲಿ ಇರುವುದು ಯಾರಿಗೂ ಕಾಣಿಸುವುದಿಲ್ಲ ಎಂದುಕೊಂಡಳು.”

“ಹೂಂ.”

ಬಿಸಿಲು ಜಗಲಿಯಿಂದ ಇಳಿಯುವ ತನಕ ಓದು, ಇಳಿದ ಮೇಲೆ ಪುಸ್ತಕ ಮುಚ್ಚು. ಹೀಗೆ ಒಂದು ದಿನ, ಮತ್ತೊಂದು ದಿನ. ಹುಡುಗಿ ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕಸಿಕ್ಕ ಬಾಗಿಲಿಗೆ ಅಂಗೈ ಇಡತೊಡಗಿದಳು. ಆ ಊರಲ್ಲಿ ಹಗಲು ಹೊತ್ತು ಯಾರು ಅಗುಳಿ ಹಾಕುತ್ತಾರೆ? ಬಾಗಿಲುಗಳು ತೆರೆದುಕೊಂಡವು. ಪಾಪದ ಹುಡುಗಿ, ತನ್ನ ಅಂಗೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವಳ ಮುಖದಲ್ಲಿ ಹಿಂದೆಂದೂ ಇಲ್ಲದ ಬೆಳಕಿತ್ತು. ತಾಯಿ ಅದನ್ನು ನೋಡಿ, ಓದು ಮೈಗೆ ಹಿಡಿಸಿದೆ ಅಂತ ಸಮಾಧಾನಪಟ್ಟಳು.

ಒಂದು ಮಧ್ಯಾಹ್ನ ಹುಡುಗಿ ಓದು ನಿಲ್ಲಿಸಿ ತಲೆಯೆತ್ತಿದಳು.

“ಅಜ್ಜಿ, ಒಳಗಿಂದ ಇನ್ಯಾರೋ ಹೂಂ ಅಂತಾರೆ.”

“ಯಾವ ಒಳಗಿಂದ?”

“ಪುಸ್ತಕದ ಒಳಗಿಂದ. ನಿನಗಿಂತ ಮುಂಚೇನೇ ಅಂತಾರೆ. ನಿನಗಿಂತ ಚೆನ್ನಾಗಿ ಅಂತಾರೆ.”

“ಅದು ಗೋಡೆಗೆ ಬಡಿದು ಬರುವ ನನ್ನ ದನೀನೇ ಕಣೆ. ಓದು.”

ಹುಡುಗಿ ಓದಿದಳು. ಅಜ್ಜಿ ಬಾಯಿ ತೆರೆಯುವ ಮೊದಲು, ಓದಿಗೂ ಹೂಂಗೂ ನಡುವಿನ ಆ ಎಳೆಯಷ್ಟು ಸಂದಿನಲ್ಲಿ, ಒಂದು ಹೂಂ ಕೇಳಿಸಿತು. ಮೂಗಿನಲ್ಲಿ ಹುಟ್ಟಿ, ಕೊನೆಗೆ ಸ್ವಲ್ಪ ಎಳೆದ ಹೂಂ. ಬಾಯ್ತುಂಬ ಕಡಲೆಕಾಯಿ ತುಂಬಿಕೊಂಡು, ಅವ್ವ ಹೇಳಿದ ಬುದ್ಧಿಮಾತಿಗೆಲ್ಲ ಕೇಳಿಯೂ ಕೇಳದ ಹಾಗೆ ಹೂಂ ಅನ್ನುತ್ತಿದ್ದ ಹುಡುಗಿ ಒಬ್ಬಳಿದ್ದಳು. ಆ ದನಿ ಜಗತ್ತಿನಲ್ಲಿ ಒಬ್ಬರದ್ದೇ. ಪುಸ್ತಕಗಳಿಗೆ ಮುಂಬಾಗಿಲು ಬೇರೆ ಬೇರೆ, ಹಿತ್ತಿಲು ಮಾತ್ರ ಒಂದೇ ಅಂತ ಹಳಬರು ಹೇಳುತ್ತಿದ್ದದ್ದು ಸುಳ್ಳಲ್ಲ. ಯಾವುದೋ ಕಥೆಯೊಳಕ್ಕೆ ಹೋದ ಮಗಳು ಈ ಕಥೆಯ ಹಿತ್ತಿಲಲ್ಲಿ ನಿಂತಿದ್ದಳು.

ಅವಳ ವಯಸ್ಸು ಹೋದ ದಿನದ್ದೇ ಇರಬೇಕು, ದನಿ ಅಷ್ಟು ಎಳೆಯದಾಗಿತ್ತು. ಅಜ್ಜಿ ಹೂಂ ಅಂದಳು. ತನ್ನ ಹೂಂ ಮಗಳ ಹೂಂನ ಮೇಲೆ ಬಿದ್ದು ಅದನ್ನು ಮುಚ್ಚಿಹಾಕಿತು. ಮುಂದಿನ ಮಾತಿಗೂ ಹಾಗೇ ಆಯಿತು. ಅಷ್ಟು ಕಾಲ ತೊಲೆಯ ಚಾಪೆಯನ್ನು ನೋಡುತ್ತ ಮಲಗಿದ್ದವಳಿಗೆ, ಹೆಸರೆತ್ತಿ ಅಳುವುದಕ್ಕೂ ಊರು ಬಿಡದೆ ಇದ್ದವಳಿಗೆ, ಆ ದನಿ ಕೈಗೆಟುಕುವ ದೂರದಲ್ಲಿತ್ತು. ತನ್ನ ಬಾಯೇ ಅದಕ್ಕೆ ಅಡ್ಡ ಬರುತ್ತಿತ್ತು. ಅಜ್ಜಿ ಹೂಂ ಅನ್ನುವುದನ್ನು ಚೂರು ತಡ ಮಾಡಿದಳು. ಮಗಳ ಹೂಂ ಪೂರ್ತಿ ಕೇಳಿಸಿತು, ಕೊನೆಯ ಎಳೆತದ ಸಮೇತ. ಇನ್ನಷ್ಟು ತಡ ಮಾಡಿದಳು. ಕೊನೆಗೆ, ಓದು ನಿಂತರೆ ದನಿಯೂ ನಿಲ್ಲುತ್ತದೆಂಬ ಹೆದರಿಕೆಯಲ್ಲಿ, ಯಾರ ಬಾಯಿಂದಲೂ ಬರಬಾರದ ಮಾತು ಅವಳ ಬಾಯಿಂದಲೇ ಬಂತು.

“ಆಮೇಲೆ?”

ಹುಡುಗಿ ಕಣ್ಣರಳಿಸಿ ನಕ್ಕಳು. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಓದಿದಳು, ಅಜ್ಜಿ ತಡವಾಗಿ ಒಂದು ಹೂಂ ಅಂದು, ಹಿಂದೆಯೇ ಆಮೇಲೆ ಅಂದಳು, ಅವಳು ಮತ್ತೆ ಓದಿದಳು. ಬಿಸಿಲು ಜಗಲಿಯಿಂದ ಇಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅಂಗಳದ ಬೆಕ್ಕು ಒಳಗೆ ಬಂದು, ಹುಡುಗಿಯ ಮಡಿಲ ಮೇಲೆ ಕಾಲಿಟ್ಟು, ಅಲ್ಲಿ ಯಾರೂ ಕೂತಿಲ್ಲವೆಂಬಂತೆ ದಾಟಿಕೊಂಡು ಹೋಯಿತು. ಅಜ್ಜಿ ಅದನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಕೂತಳು.

ಮಾರನೆ ಬೆಳಿಗ್ಗೆ ತಾಯಿ ಓಡಿ ಬಂದಳು. ಸೆರಗು ಹೆಗಲಲ್ಲಿ ಇರಲಿಲ್ಲ.

“ಅಜ್ಜಿ, ನನ್ನ ಮಗಳು ಹಗುರ ಆಗಿದ್ದಾಳೆ. ಕಾಲು ತೊಳಕೊಂಡು ಒಳಗೆ ಬಂದಳು, ನೆಲದ ಮೇಲೆ ಹೆಜ್ಜೆ ಗುರುತೇ ಬೀಳಲಿಲ್ಲ. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಇದೆ, ನಾನು ಉಂಡೆ ಅಂತಾಳೆ.”

“ಏನಿಲ್ಲ ಕಣಮ್ಮ, ಓದುವಾಗ ಹಾಗೆ ಆಗ್ತದೆ.”

“ಆ ಪುಸ್ತಕ ಒಲೆಗೆ ಹಾಕಿಬಿಡಲಾ?”

“ಅರ್ಧ ಓದಿದ್ದನ್ನು ಸುಟ್ಟರೆ ಉಳಿದರ್ಧ ತಲೆಯೊಳಗೇ ಓದಿಕೊಳ್ತಾಳೆ. ಅಲ್ಲಿ ನಾನು ಹೋಗಿ ಕೂತು ಹೂಂ ಅನ್ನೋಕೆ ಆಗುತ್ತಾ? ಮುಗಿಸಲೇಬೇಕು.”

ಆ ಮಾತು ನಿಜವೇ. ಆದರೆ ಅದನ್ನು ಅಜ್ಜಿ ಹೇಳಿದ್ದು ಅದು ನಿಜ ಅಂತಲ್ಲ. ಪುಸ್ತಕ ಸುಟ್ಟರೆ ದನಿ ಸುಟ್ಟುಹೋಗುತ್ತದೆ, ಅದು ಅವಳಿಗೆ ಬೇಡವಾಗಿತ್ತು. ತಾಯಿ ಹೊಸಿಲ ಮೇಲೆ ಕುಸಿದು ಕೂತಳು.

“ಕೈಲಾಗದವಳು ಅಂತ ಅಂದೆ ಅಜ್ಜಿ. ದಿನಾ ಅಂದೆ. ಏನು ಮಾಡಲಿ, ಬಾಯಿಗೆ ಬಂದದ್ದು ಆಡುವ ಬಾಯಿ ನಂದು. ಅವಳು ಒಡೆದ ಮಡಕೆಗಳೆಲ್ಲ ಹಾಳಾಗಿ ಹೋಗಲಿ, ಅವಳೊಬ್ಬಳು ನೆಲ ತುಳಿದುಕೊಂಡು ಇದ್ದರೆ ಸಾಕು. ನೀವಿದ್ದೀರಿ ಅಂತ ತಾನೇ ನಾನು ಒಪ್ಪಿದ್ದು. ನಿಮಗೆ ಗೊತ್ತಿಲ್ಲದ್ದೇನಿದೆ?”

ನಿಮಗೆ ಗೊತ್ತಿಲ್ಲದ್ದೇನಿದೆ ಅನ್ನುವಾಗ ಅವಳ ಕಣ್ಣು ತಾನಾಗಿ ತೊಲೆಯ ಕಡೆ ಹೋಗಿ, ಊರಿನ ಕಟ್ಟು ನೆನಪಾಗಿ ಕೆಳಗಿಳಿಯಿತು. ಅಜ್ಜಿಗೆ ಮೈಯೆಲ್ಲ ನಾಚಿಕೆಯಾಯಿತು. ತನ್ನ ಮಗಳ ದನಿ ಕೇಳುವ ಆಸೆಗೆ ಇನ್ನೊಬ್ಬಳ ಮಗಳನ್ನು ತಾನೇ ಕೈಯಾರೆ ನೂಕುತ್ತಿದ್ದೇನೆ ಅನ್ನುವುದನ್ನು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೂ ಆಸೆ ಹೋಗಲಿಲ್ಲ. ಆಸೆ ಹೇಳಿ ಕೇಳಿ ಹೋಗುವ ನೆಂಟನಲ್ಲ.

“ಜಗಲಿಯಲ್ಲಿ ಕೂತಿರು,” ಅಂದಳು. “ಏನು ಕೇಳಿಸಿದರೂ ಬಾಯಿ ಬಿಡಬೇಡ. ಈಗಲೇ ಎರಡು ಕಡೆಯಿಂದ ಎಳೀತಿದ್ದಾರೆ, ಮೂರನೆಯದು ಬೇಡ.”

ಹುಡುಗಿ ಬಂದಳು. ಬಾಗಿಲಿಗೆ ಅಂಗೈ ಇಟ್ಟು, ಅದು ತೆರೆದುಕೊಂಡದ್ದಕ್ಕೆ ಸಂತೋಷಪಟ್ಟು, ಒಳಗೆ ಬಂದು ಚಾಪೆ ಹಾಸಿ ಕೂತಳು. ಉಳಿದಿದ್ದದ್ದು ಕೆಲವೇ ಹಾಳೆ. ಮೊಣಕಾಲಿಗೆ ಮೊಣಕಾಲು ತಾಗಿತು, ಅಜ್ಜಿಗೆ ಮಾತ್ರ ತಾಗಿದ್ದು ತಿಳಿಯಲಿಲ್ಲ. ಅಷ್ಟು ಕಡಿಮೆ ಉಳಿದಿದ್ದಳು ಹುಡುಗಿ.

ಕಥೆಯಲ್ಲಿ ಬರಿಗೈಯವಳು ಗೋಡೆಯ ಮುಂದೆ ಬಂದು ನಿಂತಿದ್ದಳು. ಆ ಗೋಡೆಗೆ ಹೊರಗಿನಿಂದ ಮಾತ್ರ ತೆರೆಯುವ ಒಂದು ಬಾಗಿಲಿತ್ತು. ಅವಳು ಮೊದಲ ಸಲ ಎಲ್ಲರ ಕಣ್ಣೆದುರು ಸೆರಗು ಬಿಚ್ಚಿ ಅಂಗೈ ಇಟ್ಟಳು, ಬಾಗಿಲು ತೆರೆಯಿತು. ಒಳಗೆ ಕೂಡಿಹಾಕಿದ್ದವರೆಲ್ಲ ಬೆಳಕಿಗೆ ಕಣ್ಣು ಕಿರಿದು ಮಾಡುತ್ತ ಎದ್ದು ನಿಂತರು. ಆದರೆ ಆ ಬಾಗಿಲಿನದ್ದೊಂದು ಶಾಪವಿತ್ತು. ತೆರೆದರೂ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಒಬ್ಬರು ಅದನ್ನು ಹಿಡಿದು ನಿಂತರೆ ಉಳಿದವರು ದಾಟಬಹುದು. ಹಿಡಿದವರು ಮಾತ್ರ ದಾಟುವ ಹಾಗಿರಲಿಲ್ಲ.

“ಬರಿಗೈಯವಳು ಒಳಕ್ಕೆ ಕಾಲಿಟ್ಟು ಬಾಗಿಲನ್ನು ಹಿಡಿದಳು,” ಎಂದು ಹುಡುಗಿ ಓದಿದಳು.

ಒಳಗಿಂದ ಹೂಂ ಬಂತು, ಹಿಂದೆಂದಿಗಿಂತ ಹತ್ತಿರ. ಅಜ್ಜಿಯೂ ಹೂಂ ಅಂದಳು. ಎರಡು ಹೂಂ ಒಂದಕ್ಕೊಂದು ಡಿಕ್ಕಿ ಹೊಡೆದವು.

“ನಾನೇ ನಿಲ್ಲುತ್ತೇನೆ ಎಂದಳು. ನನ್ನ ಕೈಯಲ್ಲಿ ಆಗುವ ಕೆಲಸ ಇದೊಂದೇ ಎಂದಳು.”

ಅದನ್ನು ಹುಡುಗಿ ಓದಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು. ಅವಳ ದನಿ ಕೋಣೆಯಲ್ಲಿ ಇರಲಿಲ್ಲ, ಎಲ್ಲೋ ಗೋಡೆಯಾಚೆ ಇತ್ತು. ಒಳಗಿನ ಹೂಂ ಸಂಭ್ರಮದಿಂದ ಬಂತು. ಎಷ್ಟೋ ಕಾಲದಿಂದ ಒಬ್ಬಳೇ ಇದ್ದವಳು ಜೊತೆ ಸಿಕ್ಕಿತೆಂದು ಹಿಗ್ಗಿ ಕರೆಯುವ ಹೂಂ ಅದು. ಚಾಪೆಯ ಅಂಚಿನಲ್ಲಿ ಒಂದು ಜೊಂಡು ನೆಟ್ಟಗಾಯಿತು. ಪಕ್ಕದ್ದೂ ನೆಟ್ಟಗಾಯಿತು. ಅಜ್ಜಿ ಹೂಂ ಅಂದಳು, ಗಟ್ಟಿಯಾಗಿ ಅಂದಳು, ಗಂಟಲು ಹರಿಯುವಂತೆ ಅಂದಳು. ಹುಡುಗಿಯ ಕಣ್ಣು ಈ ಕಡೆ ತಿರುಗಲಿಲ್ಲ. ಜಗಲಿಯಲ್ಲಿ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ತನ್ನ ಹೂಂ ಎಷ್ಟೇ ಗಟ್ಟಿಯಾದರೂ ಮಗಳ ಹೂಂನ ಮುಂದೆ ಅದು ಹುಡುಗಿಯನ್ನು ಮುಟ್ಟುವುದಿಲ್ಲ ಅಂತ ಅಜ್ಜಿಗೆ ಅರ್ಥವಾಯಿತು. ಒಂದು ದನಿ ನಿಲ್ಲಬೇಕು. ತಾನು ನಿಲ್ಲಿಸಿದರೆ ಹುಡುಗಿ ಆ ಕಡೆ. ಆಗ ಮಗಳಿಗೊಂದು ಜೊತೆ, ತನಗೆ ಪುಸ್ತಕದ ತುಂಬ ಮಗಳ ದನಿ. ಅದನ್ನೂ ಅವಳು ಯೋಚಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಯೋಚಿಸಿದಳು. ಆಮೇಲೆ ಅಂಗೈಗಳನ್ನು ನೆಲಕ್ಕೂರಿ, ಬಗ್ಗಿ, ಹುಡುಗಿಯ ಮುಖಕ್ಕಲ್ಲ, ತೆರೆದ ಹಾಳೆಯ ಮುಖಕ್ಕೆ ಬಾಯಿ ತಂದು, ಅಷ್ಟು ಕಾಲದಲ್ಲಿ ಮೊದಲ ಬಾರಿಗೆ ಮಗಳ ಜೊತೆ ಮಾತಾಡಿದಳು.

“ಮಗಳೇ, ಸಾಕು. ಸುಮ್ಮನಿರು.”

ಹುಡುಗಿ ಬೆಚ್ಚಿ ಓದು ನಿಲ್ಲಿಸಿದಳು.

“ನಿನಗಲ್ಲ ಮಗಾ. ನೀನು ಓದು.”

ಹುಡುಗಿ ಓದಿದಳು. ಮಾತು ಮುಗಿಯಿತು. ಸಂದು ಬಂತು. ಆ ಸಂದಿನಲ್ಲಿ ಅಜ್ಜಿ ಕಾದಳು. ಸುಮ್ಮನಿರು ಅಂದವಳೇ, ಅವಳು ಸುಮ್ಮನಿರದೆ ಹೋಗಲಿ ಅಂತ ಬೇಡಿಕೊಂಡಳು. ಒಂದೇ ಒಂದು ಸಲ ಅವ್ವನ ಮಾತು ಮೀರಲಿ, ಬಾಯ್ತುಂಬ ಏನಾದರೂ ತುಂಬಿಕೊಂಡಾದರೂ ಮೀರಲಿ. ಏನೂ ಬರಲಿಲ್ಲ. ಸಂದು ಬೆಳೆಯಿತು. ಚಾಪೆಯಲ್ಲಿ ಮತ್ತೊಂದು ಜೊಂಡು ಅಲುಗಿತು. ಅಜ್ಜಿ ಹೂಂ ಅಂದಳು. ಸುತ್ತ ಯಾವ ದನಿಯೂ ಇಲ್ಲದ್ದರಿಂದ ಅದು ನೇರ ಹೋಗಿ ಮುಟ್ಟಿತು. ಹುಡುಗಿ ಕಣ್ಣೆತ್ತಿ ಅಜ್ಜಿಯನ್ನು ನೋಡಿದಳು, ಇವಳು ಯಾರು ಅಂತ ನೆನಪು ಮಾಡಿಕೊಳ್ಳುವ ಹಾಗೆ.

“ಆಗ ಕೂಡಿಹಾಕಿದ್ದವರಲ್ಲಿ ಒಬ್ಬಳು ಮುಂದೆ ಬಂದಳು. ಅವಳ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.”

“ಹೂಂ.”

ಅದು ಮೊದಲಿನಿಂದ ಅಚ್ಚಾಗಿದ್ದದ್ದೋ, ಆಗಷ್ಟೇ ಹಾಳೆಯ ಮೇಲೆ ಮೂಡಿದ್ದೋ, ಅಕ್ಷರ ಬಾರದ ಅಜ್ಜಿಗೆ ಹೇಗೆ ತಿಳಿಯಬೇಕು. ಅವಳು ಕೇಳಿಸಿಕೊಂಡಳು, ಅಷ್ಟೇ.

“ಅವಳು ಒಂದು ಮಾತೂ ಆಡಲಿಲ್ಲ. ಬರಿಗೈಯವಳ ಕೈಯನ್ನು ಬಾಗಿಲಿನಿಂದ ಬಿಡಿಸಿ, ಆ ಜಾಗದಲ್ಲಿ ತನ್ನ ಕೈಯಿಟ್ಟಳು.”

“ಹೂಂ.”

“ಒಬ್ಬೊಬ್ಬರೇ ದಾಟಿದರು. ಬರಿಗೈಯವಳೂ ದಾಟಿದಳು.”

“ಹೂಂ.”

ಅಜ್ಜಿಯ ಮೊಣಕಾಲಿಗೆ ಹುಡುಗಿಯ ಮೊಣಕಾಲು ಬೆಚ್ಚಗೆ ಒತ್ತಿತು. ಎಲುಬು, ಚರ್ಮ, ಭಾರ, ಎಲ್ಲ ಇತ್ತು. ಒಂದು ನೊಣ ಎಲ್ಲಿಂದಲೋ ಬಂದು ಹುಡುಗಿಯ ಹಣೆಯ ಬೆವರಿನ ಮೇಲೆ ಕೂತಿತು. ಇನ್ನು ಒಂದೇ ಮಾತು ಉಳಿದಿತ್ತು. ಹುಡುಗಿ ಅದನ್ನು ಕಣ್ಣಲ್ಲಿ ಮೊದಲು ನೋಡಿ, ಓದಲು ಹೆದರಿ, ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಲೆಯಾಡಿಸಿದಳು.

“ಬಾಗಿಲು ಮುಚ್ಚಿಕೊಂಡಿತು. ಹಿಡಿದು ನಿಂತಿದ್ದವಳು ಒಳಗೇ ಉಳಿದಳು.”

ಎಲ್ಲ ಮಾತಿಗೂ ಒಂದು ಹೂಂ ಸಲ್ಲಬೇಕು, ಕಡೆಯ ಮಾತಿಗೂ ಸಲ್ಲಬೇಕು. ಸಲ್ಲದಿದ್ದರೆ ಹುಡುಗಿ ದಾಟಿದ್ದು ದಾಟಿದ ಹಾಗಲ್ಲ. ಅಜ್ಜಿ ಪುಸ್ತಕದ ಕಡೆ ಒಂದು ಗಳಿಗೆ ಕಿವಿಗೊಟ್ಟಳು, ಒಳಗಿನವಳು ಅವ್ವ ಹೇಳಿದ ಮಾತು ಕೇಳಿಕೊಂಡು ಸುಮ್ಮನೇ ಇದ್ದಳು. ಆಗ ಅಜ್ಜಿ ದನಿಯಲ್ಲಿ ಯಾವ ಉಪ್ಪೂ ಬೀಳದ ಹಾಗೆ, ಹೂಂ ಅಂದಳು.